ಉಗರಗೋಳದವರಿಗೆಂದು ಒಟ್ಟಿದ ಬಣವಿ

ದೊಡವಾಡದಲ್ಲಿ ಯಾರದಾದರೂ ಮನೆಯ ಸ್ಥಿತಿಗತಿ ತಿಳಿಯಬೇಕಾದರೆ ಒಳಗೆ ಹೋಗಿ ಕೂಡಬೇಕಾಗಿರಲಿಲ್ಲ. ಹಿತ್ತಲ ಗೋಡೆಯ ಆಚೆಯಿಂದ ಒಂದು ಸಲ ಇಣುಕಿದರೆ ಸಾಕಾಗುತ್ತಿತ್ತು. ಜೋಳದ ಕಣಕಿಯ ಬಣವಿ ಎಷ್ಟು ಎತ್ತರ, ಅದರ ಪಕ್ಕದಲ್ಲಿ ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ಬಣವಿ ಎಷ್ಟು ಅಗಲ, ಇಷ್ಟು ನೋಡಿಕೊಂಡವರು ದನ ಎಷ್ಟಿರಬಹುದು, ಹೊಲ ಎಷ್ಟಿರಬಹುದು, ಮನೆಯ ಹೆಂಗಸು ಕೆಲಸದಲ್ಲಿ ಎಷ್ಟು ಚುರುಕು ಎಂಬುದನ್ನೆಲ್ಲ ನಿಂತಲ್ಲೇ ಅಳೆದುಬಿಡುತ್ತಿದ್ದರು. ಕನ್ಯೆ ನೋಡಲು ಬಂದವರಂತೂ ಕಾಲು ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ ಮೊದಲು ಕಣ್ಣು ಹಾಯಿಸುತ್ತಿದ್ದದ್ದೇ ಬಣವಿಗಳ ಮೇಲೆ.

ಈಗ ಸೋಮವ್ವನ ಪಾಡು ಕೇಳಿ. ಅವಳ ಹಿತ್ತಲಲ್ಲಿ ಕುಳ್ಳಿನ ಬಣವಿಯೇ ಇರಲಿಲ್ಲ. ದನಗಳಿಗೇನೂ ಬರವಿರಲಿಲ್ಲ. ಜೋಡೆತ್ತು, ಎರಡು ಎಮ್ಮೆ, ಒಂದು ಆಕಳು, ಅದರ ಕರು, ಎಲ್ಲ ಹೊಟ್ಟೆ ತುಂಬ ತಿಂದು ಬುಟ್ಟಿಗಟ್ಟಲೆ ಸಗಣಿ ಹಾಕುತ್ತಿದ್ದವು. ಆದರೆ ಆ ಸಗಣಿಯಲ್ಲಿ ಒಂದು ಮುಷ್ಟಿಯೂ ಗೋಡೆಗೆ ಹತ್ತುತ್ತಿರಲಿಲ್ಲ. ಗಂಡ ನಿಜಗುಣಪ್ಪ ಐದಾರು ವರ್ಷಗಳ ಹಿಂದೆ ಹಿತ್ತಲಲ್ಲಿ ಗೋಬರ್ ಗ್ಯಾಸ್ ಮಾಡಿಸಿದ್ದ. ನೆಲದಲ್ಲಿ ಬಾವಿಯ ಹಾಗೆ ಕಟ್ಟಿದ ಹೊಂಡ, ಅದರ ಮೇಲೆ ಮಗುಚಿ ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಸಗಣಿಗೆ ನೀರು ಕಲಸಿ ಹೊಂಡಕ್ಕೆ ಹೊಯ್ದರೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮು ಮೇಲೇಳುತ್ತಿತ್ತು. ಒಲೆ ಉರಿದಂತೆಲ್ಲ ಮೆಲ್ಲಗೆ ಕೆಳಗಿಳಿಯುತ್ತಿತ್ತು.

ಮೊದಮೊದಲು ಸೋಮವ್ವ ಕೂಡ ಮೂಗು ಮುರಿದವಳೇ. ಹೆಂಡಿಯ, ಅಂದರೆ ಸಗಣಿಯ, ಉರಿಯ ಮೇಲೆ ಬೇಯಿಸಿದ ಅಡಿಗೆಯನ್ನು ಲಿಂಗಪೂಜೆ ಮುಗಿಸಿ ಉಣ್ಣುವುದು ಹೇಗೆ ಎಂದು ಜಗಳ ತೆಗೆದಿದ್ದಳು. "ಅಲ್ಲ, ಇಷ್ಟ ದಿವಸ ಕುಳ್ಳ ಉರಿಸಿದ್ಯಲ್ಲ, ಅದೇನ ಗಂಧದ ಕಟಗಿ ಇತ್ತೇನು?" ಎಂದು ನಿಜಗುಣಪ್ಪ ಕೇಳಿದಾಗ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಲೆಯ ರುಚಿ ಹತ್ತಿತು. ಕಡ್ಡಿ ಕೊರೆದರೆ ಸಾಕು, ನೀಲಿ ಉರಿ. ಹೊಗೆ ಇಲ್ಲ, ಕೆಮ್ಮು ಇಲ್ಲ, ಪಾತ್ರೆಯ ಮಸಿ ತಿಕ್ಕುವ ಗೋಳಿಲ್ಲ. ಊದುಗೊಳವಿ ಬೆಕ್ಕು ಓಡಿಸಲು ಬಾಗಿಲ ಹಿಂದೆ ಸೇರಿತು. ಊರ ಹೆಂಗಸರು ಸಂಜೆಯಾದರೆ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬರುತ್ತಿದ್ದ ಹೊತ್ತಿಗೆ ಸೋಮವ್ವ ಮುಖ ತೊಳೆದುಕೊಂಡು ಕಟ್ಟೆಯ ಮೇಲೆ ರಾಣಿಯ ಹಾಗೆ ಕೂತಿರುತ್ತಿದ್ದಳು.

ಇಷ್ಟೆಲ್ಲ ಸುಖ ಉಂಡವಳಿಗೆ ಆ ಡ್ರಮ್ಮಿನ ಮೇಲೆಯೇ ಸಿಟ್ಟು ಬಂದದ್ದು ಮಗಳು ಶೀತಲಳ ಮದುವೆಯ ಮಾತು ಎದ್ದಾಗ. ಕಿತ್ತೂರ ಕಡೆಯ ಒಂದು ಮನೆಯವರು ನೋಡಲು ಬಂದಿದ್ದರು. ಹುಡುಗನ ಅಜ್ಜಿ ಹಿತ್ತಲಿಗೆ ಹೋಗಿ ಸುತ್ತ ನೋಡಿ, "ದನಾ ಅದಾವು ಅಂತೀರಿ, ಮತ್ತ ಕುಳ್ಳ ಎಲ್ಲಿ?" ಎಂದು ಕೇಳಿದ್ದಳು. ಗೋಬರ್ ಗ್ಯಾಸ್ ಎಂದರೆ ಆ ಮುದುಕಿಗೆ ತಿಳಿಯಲಿಲ್ಲ. ಎಂಟು ದಿನದ ಮೇಲೆ ಬೇಡವೆಂದು ಹೇಳಿ ಕಳಿಸಿದರು. ನಿಜವಾದ ಕಾರಣ ಏನಿತ್ತೋ ಶಿವನೇ ಬಲ್ಲ. ಸೋಮವ್ವ ಮಾತ್ರ ಕುಳ್ಳಿಲ್ಲದ್ದಕ್ಕೇ ಮಗಳ ಮದುವೆ ತಪ್ಪಿತೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ದೀಪಾವಳಿ ಮುಗಿದ ಮೇಲೆ ಓಣಿಯ ಗುರವ್ವ ಇನ್ನೊಂದು ಸಂಬಂಧ ತಂದಳು. ಗುರವ್ವ ಸುತ್ತ ನಾಕೂರಿನ ಮದುವೆಗಳನ್ನು ಜೋಡಿಸುವ ಹೆಂಗಸು. ಉಗರಗೋಳದ ಮಡಿವಾಳೆಪ್ಪನ ಮಗ ವಿರೂಪಾಕ್ಷ. ಹೊಲವಿದೆ, ದೇವಿಯ ಗುಡ್ಡಕ್ಕೆ ಬರುವ ಮಂದಿಗೆ ಕಾಯಿ-ಕರ್ಪೂರ ಮಾರುವ ಅಂಗಡಿಯೂ ಇದೆ. ಹೆಸರು ಕಿವಿಗೆ ಬಿದ್ದದ್ದೇ ಒಳಗೆ ರೊಟ್ಟಿ ಬಡಿಯುತ್ತಿದ್ದ ಶೀತಲಳ ಕೈ ನಿಂತಿತು. ಸವದತ್ತಿಯಲ್ಲಿ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಅವಳು ಆ ಹುಡುಗನನ್ನು ಕಂಡಿದ್ದಳು. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದು, ಅವಳು ಬೇಡ ಬೇಡ ಅಂದರೂ ಇನ್ನೊಂದು ಹಾಕಿ ಹೋಗಿದ್ದ. ಆ ಹೋಳಿಗೆಯ ಮಾತನ್ನು ಮಗಳು ಸುಮ್ಮಸುಮ್ಮನೆ ಎಷ್ಟು ಸಲ ತೆಗೆದಿದ್ದಾಳೆ ಎನ್ನುವುದು ತಾಯಿಗೆ ಗೊತ್ತಿತ್ತು.

"ಒಂದ ಮಾತ ಹೇಳತೇನಿ ಸೋಮಕ್ಕಾ," ಎಂದಳು ಗುರವ್ವ ಎಲೆಗೆ ಸುಣ್ಣ ಸವರುತ್ತ. "ಹುಡುಗನ ತಾಯಿ ಇಂದ್ರವ್ವ ಅಂದ್ರ ಬಾಳ ಕಟ್ಟುನಿಟ್ಟು. ಹುಡುಗಿ ಹೆಂಗ ಅದಾಳ ಅಂತ ಕೇಳೂಕಿಂತ ಮೊದಲ, ಮನ್ಯಾಗ ದನಾ ಎಷ್ಟ ಅದಾವು ಅಂತ ಕೇಳಿದ್ಲು ನೋಡ."

ಸೋಮವ್ವ ತಿರುಗಿ ಖಾಲಿ ಹಿತ್ತಲ ಕಡೆ ನೋಡಿದಳು. ಮತ್ತೆ ದನ, ಮತ್ತೆ ಕುಳ್ಳು! ಈ ಸಲ ಮಗಳ ಮನಸ್ಸು ಬೇರೆ ಅಲ್ಲಿ ಹೋಗಿ ಕೂತಿದೆ. ಈ ಮದುವೆಯೂ ತಪ್ಪಿದರೆ ತನ್ನ ಹುಡುಗಿ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಒಳಗೊಳಗೇ ಸೊರಗುತ್ತಾಳೆ ಎಂದು ಅವಳ ಜೀವ ಹೊಯ್ದಾಡಿತು.

ಮರುದಿನದಿಂದ ಶುರುವಾಯಿತು ನೋಡಿ ಸೋಮವ್ವನ ಕಾರಭಾರ. ದಿನಾ ಸಗಣಿ ಕಲಸಿ ಹೊಂಡಕ್ಕೆ ಹಾಕುತ್ತಿದ್ದವಳು ಶೀತಲ. "ಮದುವಿ ಆಗು ಹುಡುಗಿ, ಕೈ ಒಡಕೊಂತಾವ. ಇನ್ನ ನೀ ಮುಟ್ಟಬ್ಯಾಡ, ನಾ ನೋಡಕೊಂತೇನಿ," ಎಂದು ತಾಯಿ ಬುಟ್ಟಿ ಕಸಿದುಕೊಂಡಳು. ಹೊಂಡಕ್ಕೆ ಹೋದದ್ದು ಒಂದೊಂದು ಬೊಗಸೆ ಸಗಣಿ, ಉಳಿದದ್ದೆಲ್ಲ ಬರೀ ನೀರು. ಮಿಕ್ಕ ಸಗಣಿಯನ್ನು ಹೊಟ್ಟು ಸೇರಿಸಿ ತಟ್ಟಿ ದಾರಿಯ ಕಡೆಯ ಗೋಡೆಯ ತುಂಬ ಹಚ್ಚಿದಳು. ಗಂಡ ಕೇಳಿದರೆ, "ಚಳಿಗಾಲ ಬಂತಲ್ಲ, ನೀರೊಲಿಗೆ ಬೇಕ ಬ್ಯಾಡ?" ಎಂದಳು. ಡ್ರಮ್ಮು ದಿನದಿನಕ್ಕೆ ಇಳಿಯುತ್ತ ಬಂತು. ಚಳಿಗೆ ಗ್ಯಾಸು ಕಡಿಮೆ ಹುಟ್ಟುವುದು ಪ್ರತಿ ವರ್ಷದ ಮಾತೇ ಆಗಿದ್ದರಿಂದ ಅಪ್ಪ ಮಗಳಿಬ್ಬರಿಗೂ ಸಂಶಯ ಬರಲಿಲ್ಲ.

ಆದರೆ ಕುಳ್ಳು ಎಷ್ಟು ತಟ್ಟಿದರೂ ಬಣವಿಯೆಂದು ಕರೆಸಿಕೊಳ್ಳುವಷ್ಟು ಆಗಲೊಲ್ಲದು. ಉಗರಗೋಳದವರು ಬರುವ ದಿನ ಹತ್ತಿರಾಯಿತು. ಆಗ ಸೋಮವ್ವನ ತಲೆಗೆ ಇನ್ನೊಂದು ಹುಚ್ಚು ಹೊಳೆಯಿತು. ಎಲ್ಲರೂ ಹೊಲಕ್ಕೆ ಹೋದಾಗ ಡ್ರಮ್ಮಿಗೆ ಮರೆಯಾಗುವಂತೆ ನಡುವೆ ತೊಗರಿ ಕಟ್ಟಿಗೆಯ ಹೊರೆಗಳನ್ನು ನಿಲ್ಲಿಸಿ, ಸುತ್ತಲೂ ಒಂದೇ ಸಾಲು ಕುಳ್ಳು ಒಟ್ಟಿದಳು. ಮುಂದಿನ ಮೈಗೆ ಮಾತ್ರ ಸಗಣಿಯಿಂದ ನುಣ್ಣಗೆ ಸಾರಿಸಿ, ಮೇಲೆ ಬೆರಳಿನಿಂದ ಚಿತ್ತಾರ ಎಳೆದಳು. ದೂರದಿಂದ ನೋಡಿದರೆ ಗೌಡರ ಹಿತ್ತಲ ಬಣವಿಯನ್ನು ಮೀರಿಸುವಂತಿತ್ತು. ಸೋಮವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, ತನಗೆ ತಾನೇ ಭೇಷ್ ಅಂದುಕೊಂಡಳು.

ಆ ದಿನ ಮುಂಜಾನೆ ಉಗರಗೋಳದವರ ಟ್ರಾಕ್ಸ್ ಗಾಡಿ ಬಂದು ನಿಂತಿತು. ಇಳಿದವರು ನಾಲ್ಕೇ ಮಂದಿ: ಆನೆಯಂಥ ಮೈಯ, ನಗುಮುಖದ ಮಡಿವಾಳೆಪ್ಪ, ಸಣಕಲು ಮೈಯ, ಕಪ್ಪು ಕನ್ನಡಕದ ಇಂದ್ರವ್ವ, ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ನೋಡುತ್ತಿದ್ದ ವಿರೂಪಾಕ್ಷ, ಅವರ ಜೊತೆಗೆ ಗುರವ್ವ. ಕಾಲಿಗೆ ನೀರು ಕೊಡಲು ಸೋಮವ್ವ ಬೇಕೆಂದೇ ಅವರನ್ನು ಹಿತ್ತಲ ಕಡೆ ಕರೆದುಕೊಂಡು ಹೋದಳು. ಬಣವಿಯ ಎದುರು ಕಟ್ಟೆಯ ಮೇಲೆ ಮೊದಲೇ ಕಂಬಳಿ ಹಾಸಿಟ್ಟಿದ್ದಳು.

ಇಂದ್ರವ್ವ ಬಣವಿಯನ್ನು ನೋಡಿದಳು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದಳು.

"ನಿಮ್ಮ ಮನ್ಯಾಗ ಕುಳ್ಳ ಉರಸ್ತೀರೇನ್ರಿ?"

"ಹೂನ್ರೀ ಅಕ್ಕಾರ!" ಸೋಮವ್ವ ಹಿಗ್ಗಿ ಹೀರೇಕಾಯಿಯಾದಳು. "ಎಷ್ಟ ಉರಿಸಿದ್ರೂ ತೀರೂದಿಲ್ರಿ. ದನಾ ಬಾಳ ಅದಾವಲ್ರಿ, ಏನ ಮಾಡೂದು!"

ಇಂದ್ರವ್ವ ಗುರವ್ವನ ಕಡೆ ಒಂದು ನೋಟ ಬಿಸಾಕಿ ಕಂಬಳಿಯ ತುದಿಯಲ್ಲಿ ಕೂತಳು. ಗುರವ್ವ ಬಣವಿಯನ್ನೇ ಮಿಕಿಮಿಕಿ ನೋಡಿದಳು. ಹೋದ ತಿಂಗಳು ಬಂದಾಗ ಇಲ್ಲದ್ದು ಈಗ ಎಲ್ಲಿಂದ ಎದ್ದಿತೆಂದು ಅವಳಿಗೆ ಅರ್ಥವಾಗಲಿಲ್ಲ.

ಸೋಮವ್ವ ಗೆದ್ದೆನೆಂದುಕೊಂಡು ಒಳಗೆ ಬಂದರೆ, ಒಲೆಯ ಮುಂದೆ ಶೀತಲ ಅಳುವ ಮುಖ ಮಾಡಿಕೊಂಡು ನಿಂತಿದ್ದಳು. ಉಪ್ಪಿಟ್ಟು ಆಗಿತ್ತು. ಬಾಣಲೆಯಲ್ಲಿ ಶಿರಾದ ರವೆ ಅರ್ಧ ಹುರಿದಿತ್ತು. ಕೆಳಗಿನ ಉರಿ ಸಾಸಿವೆ ಕಾಳಿನಷ್ಟಾಗಿ, ಪುಸ್ ಅಂದು ಆರಿಹೋಯಿತು.

"ಯವ್ವಾ, ಗ್ಯಾಸ ಹೋತು! ಚಹಾ ಇಟ್ಟಿಲ್ಲ, ಶಿರಾ ಆಗಿಲ್ಲ. ಚಳಿ ಅಂದ್ರೂ ಇಷ್ಟ ಕಡಿಮಿ ಎಂದೂ ಆಗಿದ್ದಿಲ್ಲ. ಈಗೇನ ಮಾಡೂದ ಬೇ?"

ಸೋಮವ್ವ ಯಾರನ್ನು ಬೈಯಬೇಕು? ಸಗಣಿ ಕದ್ದ ಕಳ್ಳಿ ತಾನೇ! ಆದರೆ ಅತ್ತುಕೊಂಡು ಕೂಡಲು ಹೊತ್ತೆಲ್ಲಿದೆ? ಮೂಲೆಯ ಹಳೆಯ ಒಲೆಯ ಮೇಲಿದ್ದ ಡಬ್ಬಿಗಳನ್ನು ಸರಸರ ಎತ್ತಿಟ್ಟಳು. ನಡುಮನೆಯಲ್ಲಿದ್ದ ಗಂಡನನ್ನು ಸನ್ನೆ ಮಾಡಿ ಕರೆದಳು.

"ಏನ್ರೀ, ಲಗೂನ ಹೋಗಿ ನಾಕ ಕುಳ್ಳ ತರ್ರಿ. ಬಣವಿ ಹಿಂದಿಂದ ತಗೀರಿ, ಮುಂದಿಂದ ಬ್ಯಾಡ. ಮಂದಿ ಕುಂತಾರ."

ಪಾಪ, ನಿಜಗುಣಪ್ಪನಿಗೆ ಒಳಗಿನ ಕಥೆ ಏನು ಗೊತ್ತು? ಗೋಡೆ ಬಳಸಿ ಹಿಂದಿನಿಂದ ಹೋಗಿ, ಕೈಗೆ ಸಿಕ್ಕ ನಾಲ್ಕು ಕುಳ್ಳು ಎಳೆದು ತಂದುಕೊಟ್ಟ. ಅವು ಪೂರ್ತಿ ಒಣಗಿರಲೂ ಇಲ್ಲ. ಸೋಮವ್ವ ಚಿಮಣಿ ಎಣ್ಣೆ ಹಾಕಿ ಕಡ್ಡಿ ಗೀರಿದಳು. ಉರಿ ಹತ್ತಲಿಲ್ಲ, ಹೊಗೆ ಎದ್ದಿತು. ಆರು ವರ್ಷ ಹೊಗೆ ಕಾಣದ ಅಡಿಗೆಮನೆ ಅದು. ಹೊಗೆ ಹೋಗಲು ಚಾವಣಿಯಲ್ಲಿದ್ದ ಗವಾಕ್ಷಿಯನ್ನೂ ಮುಚ್ಚಿಸಿದ್ದರು. ದಟ್ಟ ಹೊಗೆ ಬಾಗಿಲಿನಿಂದ ಹೊರಳಿ, ನಡುಮನೆ ದಾಟಿ, ಹಿತ್ತಲ ಕಟ್ಟೆಗೆ ಬಂತು. ಸೋಮವ್ವ ಬಾಗಿಲ ಹಿಂದಿನ ಊದುಗೊಳವಿ ಹಿಡಿದು ಊದಿದ್ದೇ ಊದಿದ್ದು. ಊದಿದಷ್ಟೂ ಅದು ಮತ್ತಷ್ಟು ಹೊಗೆಯನ್ನೇ ಉಗುಳಿತು.

ಕಟ್ಟೆಯ ಮೇಲೆ ಇಂದ್ರವ್ವನಿಗೆ ಕೆಮ್ಮು ಶುರುವಾಯಿತು. ಸುಮ್ಮನೆ ಕೆಮ್ಮಲ್ಲ, ಜೀವ ಹಿಂಡುವ ಕೆಮ್ಮು. ಕಣ್ಣಿನಿಂದ ನೀರು ಧಾರಾಕಾರ ಇಳಿಯಿತು. ವಿರೂಪಾಕ್ಷ ತಾಯಿಯ ಬೆನ್ನು ಸವರುತ್ತ ನಿಂತ.

"ನಡೀರಿ," ಎಂದು ಇಂದ್ರವ್ವ ಎದ್ದಳು. "ಸುಳ್ಳ ಹೇಳಿ ಕರಸ್ಯಾರ. ಏನ ಗುರವ್ವಾ, ಗೋಬರ್ ಗ್ಯಾಸಿನ ಮನಿ ಅಂದಿದ್ಯಲ್ಲ ನೀ? ಇದ ನಿನ್ನ ಗ್ಯಾಸೇನು?"

ಆ ಮಾತು ಕೇಳಿ ಸೋಮವ್ವ ಊದುಗೊಳವಿ ಕೈಯಲ್ಲಿಯೇ ಹಿಡಿದು ಹೊರಗೆ ಓಡಿ ಬಂದಳು. ಅದೇ ಹೊತ್ತಿಗೆ, ಇನ್ನೆರಡು ಒಣ ಕುಳ್ಳು ಸಿಗಬಹುದೇನೋ ಎಂದು ಹಿಂದೆ ಹೋಗಿದ್ದ ನಿಜಗುಣಪ್ಪ ತಳದಿಂದ ಒಂದನ್ನು ಜಗ್ಗಿದ. ಬಣವಿ ಒಮ್ಮೆ ವಾಲಾಡಿತು. ಆಮೇಲೆ ಚಿತ್ತಾರದ ಸಮೇತ ಮುಂದಕ್ಕೆ ಬಾಗಿ, ಧೊಪ್ಪನೆ ಮಡಿವಾಳೆಪ್ಪನ ಕಾಲ ಹತ್ತಿರ ಬಿತ್ತು. ಒಳಗಿನ ತೊಗರಿ ಕಟ್ಟಿಗೆಯೆಲ್ಲ ಬಯಲಾಯಿತು. ಅದರ ಆಚೆ, ಕುಳ್ಳು ಕೈಯಲ್ಲಿ ಹಿಡಿದ ನಿಜಗುಣಪ್ಪ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದ. ಅವನ ಹಿಂದೆ, ಇಷ್ಟು ಹೊತ್ತು ಬಣವಿಯ ಮರೆಯಲ್ಲಿದ್ದ ಗೋಬರ್ ಗ್ಯಾಸಿನ ಡ್ರಮ್ಮು ಎಲ್ಲರಿಗೂ ಕಂಡಿತು.

ಇಂದ್ರವ್ವ ಡ್ರಮ್ಮಿನ ಕಡೆ ಬೆರಳು ಮಾಡಿ, "ಅದೇನ್ರಿ?" ಎಂದಳು.

ಇನ್ನು ಮುಚ್ಚಿಡಲು ಏನು ಉಳಿದಿತ್ತು? ಸೋಮವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. "ಅದ ನಮ್ಮ ಗ್ಯಾಸ್ ರೀ ಯಕ್ಕಾ. ಆರ ವರ್ಷ ಆತು, ನಮ್ಮ ಮನ್ಯಾಗ ಹೊಗಿ ಅನ್ನೂದ ಇದ್ದಿಲ್ಲ. ಕುಳ್ಳ ಇಲ್ಲ ಅಂತ ಒಬ್ಬರು ನನ್ನ ಮಗಳನ್ನ ಬ್ಯಾಡ ಅಂದ್ರು. ನೀವೂ ದನಾ ಎಷ್ಟ ಅದಾವಂತ ಕೇಳಿದ್ರಿ ಅಂತ ಗೊತ್ತಾತು. ಅದಕ್ಕ ಹೊಂಡಕ್ಕ ಹಾಕು ಹೆಂಡಿ ಕದ್ದು ಈ ಬಣವಿ ಒಟ್ಟಿದೆ. ಡ್ರಮ್ಮ ಉಪಾಸ ಬಿತ್ತು. ಬೈಯೂದಿದ್ರ ನನ್ನ ಬೈರಿ. ನನ್ನ ಮಗಳಿಗೆ ಇದೇನೂ ಗೊತ್ತಿಲ್ರಿ, ಆಕಿ ಬಂಗಾರದಂಥಾಕಿ."

ಬಾಗಿಲಲ್ಲಿ ನಿಂತಿದ್ದ ಶೀತಲ ಮುಖ ಮುಚ್ಚಿಕೊಂಡಳು. ಮುಗಿಯಿತು, ಎಲ್ಲ ತನ್ನ ಕೈಯಾರೆ ಹಾಳು ಮಾಡಿದೆ ಎಂದು ಸೋಮವ್ವ ತಲೆ ಎತ್ತದೆ ಕೂತಳು.

ಮೊದಲು ಕೇಳಿಸಿದ್ದು ಮಡಿವಾಳೆಪ್ಪನ ನಗು. ಹೊಟ್ಟೆ ಕುಣಿಸಿಕೊಂಡು, ತೊಡೆ ಬಡಿದುಕೊಂಡು ನಗುತ್ತಿದ್ದ. "ಅಬಾಬಾಬಾ, ನಿಜಗುಣಪ್ಪಾರ, ನಿಮ್ಮ ಮನೀಯವರು ಬಾಳ ಗಟ್ಟಿಗಿತ್ತಿ ಬಿಡ್ರಿ! ಒಳಗ ತೊಗರಿ ಕಟಗಿ, ಮ್ಯಾಲ ಕುಳ್ಳ!"

ಇಂದ್ರವ್ವ ನಗಲಿಲ್ಲ. ಮೆಲ್ಲಗೆ ಬಂದು ಸೋಮವ್ವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು.

"ಯವ್ವಾ, ನಾ ದನಾ ಕೇಳಿದ್ದು ಕುಳ್ಳಿಗಲ್ಲ. ದನಾ ಇಲ್ಲದ ಗ್ಯಾಸ ನಡಿಯೂದಿಲ್ಲಲ್ಲ, ಖರೇನ ಗ್ಯಾಸ ಐತಿಲ್ಲೋ ಅಂತ ನೋಡಾಕ ಕೇಳಿದ್ದೆ. ಮದುವ್ಯಾಗಿ ಬಂದಾಗಿಂದ ಗುಡ್ಡದ ಮಂದಿಗೆಲ್ಲಾ ಅಡಗಿ ಮಾಡಿ ಮಾಡಿ ಹೊಗಿ ಕುಡದೇನಿ. ಒಂದ ಕಣ್ಣ ಅರ್ಧಾ ಹೋತು, ಎದಿ ಪೂರ್ತಿ ಹೋತು. ನನ್ನ ಸೊಸಿಗೆ ಮಾತ್ರ ಈ ಗತಿ ಬರಬಾರದು ಅಂತ ಹ್ವಾದ ವರ್ಷ ಹಟಾ ಮಾಡಿ ನಾನೂ ಡ್ರಮ್ಮ ಹಾಕ್ಸೇನಿ. ನಾಕ ತಿಂಗಳ ಉರೀತು, ನಿಂತಬಿಟ್ತು. ಅದರ ಮರ್ಮ ನಮಗ್ಯಾರಿಗೂ ತಿಳೀವಲ್ದು. ಗ್ಯಾಸಿನ ಒಲಿ ಮುಂದ ಬೆಳೆದ ಹುಡುಗಿ ಬೇಕು ಅಂತ ನಾನ ಗುರವ್ವಗ ಹೇಳಿದ್ದೆ. ನಿಮ್ಮ ಕುಳ್ಳ ನೋಡಿ ನನಗ ಅಳು ಬಂದಿತ್ತು ನೋಡ್ರಿ."

"ನಾ ಹೇಳೂದ ಮರತೆ," ಎಂದಳು ಗುರವ್ವ, ಸಣ್ಣ ದನಿಯಲ್ಲಿ. ಅವಳ ಕಡೆ ಯಾರೂ ನೋಡಲಿಲ್ಲ.

ಸೋಮವ್ವನ ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಎತ್ತಿಟ್ಟಂತಾಯಿತು. ಕೈಯಲ್ಲಿದ್ದ ಊದುಗೊಳವಿಯನ್ನು ದೂರ ಒಗೆದಳು.

"ಚಹಾ ಕುಡೀದ ನಾ ಏಳೂದಿಲ್ಲ," ಎಂದು ಇಂದ್ರವ್ವ ಅವಳ ಮೊಣಕಾಲು ತಟ್ಟಿದಳು. "ಆದ್ರ ಆ ಕುಳ್ಳಿನ ಮ್ಯಾಲೆ ಬ್ಯಾಡ. ಗ್ಯಾಸಿನ ಮ್ಯಾಲ ಆಗಬೇಕು. ಹೆಂಗ ಮಾಡ್ತೀರಿ ಮಾಡ್ರಿ."

ಎಲ್ಲರೂ ಡ್ರಮ್ಮಿನ ಹತ್ತಿರ ಹೋದರು. ಶೀತಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದಳು. ಡ್ರಮ್ಮು ತಳ ಮುಟ್ಟಲು ಇನ್ನೂ ನಾಲ್ಕು ಬೆರಳು ಇತ್ತು. "ಅಪ್ಪಾ, ಒಳಗ ಇನ್ನೂ ಸ್ವಲ್ಪ ಐತಿ. ಒತ್ತಡಾ ಸಾಲವಲ್ದು, ಅಷ್ಟ. ಮ್ಯಾಲ ಭಾರಾ ಹೇರಿದ್ರ ಒಂದ ಚಹಾ ಆಗತೈತಿ."

"ಭಾರಾ ಬೇಕ?" ಮಡಿವಾಳೆಪ್ಪ ಧೋತರ ಮೇಲೆ ಕಟ್ಟಿದ. "ಕಲ್ಲ ಹುಡಕೂದ್ಯಾಕ, ನಾ ಇಲ್ಲೇನು?" ಎಂದವನೇ ಡ್ರಮ್ಮಿನ ಅಂಚಿಗೆ ಎರಡೂ ಕೈ ಊರಿ ಮೈಭಾರವನ್ನೆಲ್ಲ ಬಿಟ್ಟ. ಡ್ರಮ್ಮು ಆ ಕಡೆಗೆ ವಾಲಿತು, ಕಿರ್ರೆಂದಿತು.

"ಒಂದ ಕಡೆ ಒತ್ತಬ್ಯಾಡ್ರಿ ಮಾವಾರ, ಸಿಕ್ಕಿಬೀಳತೈತಿ!" ಎಂದು ಶೀತಲ ಕೂಗಿದಳು. ಕೂಗಿದ ಮೇಲೆ ತಾನು ಏನೆಂದು ಕರೆದೆ ಎನ್ನುವುದು ತಿಳಿದು ನಾಲಿಗೆ ಕಚ್ಚಿಕೊಂಡಳು. ಮಡಿವಾಳೆಪ್ಪ ಮತ್ತೆ ನಕ್ಕ. ವಿರೂಪಾಕ್ಷ ಆ ಕಡೆಯ ಅಂಚು ಹಿಡಿದ, ನಿಜಗುಣಪ್ಪ ಮೂರನೆಯ ಮಗ್ಗುಲು ಹಿಡಿದ.

"ಹಿಂಗ ಸಮಾ ಒತ್ತಿದ್ರ ನಡೀತೈತಿ?" ಎಂದು ವಿರೂಪಾಕ್ಷ ಕೇಳಿದ. ಅವಳ ಜೊತೆ ಅವನಾಡಿದ ಮೊದಲ ಮಾತು ಅದು.

"ನಡೀತೈತ್ರಿ. ನಿಮ್ಮ ಡ್ರಮ್ಮ ಯಾಕ ನಿಂತೈತಿ? ದಿನಾ ಕಲಸಿ ಹಾಕತೀರಿಲ್ಲೋ?"

"ನೆನಪಾದಾಗ ಹಾಕತಿದ್ವಿ."

"ದನಾ ನೆನಪಾದಾಗ ತಿಂತಾವೇನ್ರಿ? ಅದಕ್ಕೂ ದಿನಾ ಹೊಟ್ಟಿಗೆ ಬೇಕು."

"ಇನ್ನ ಮ್ಯಾಲ ಕಲಸೂದು ನನ್ನ ಕೆಲಸ," ಎಂದ ವಿರೂಪಾಕ್ಷ, ಡ್ರಮ್ಮನ್ನೇ ನೋಡುತ್ತ. "ನೀವು ನಿಂತ ಹೇಳಿದ್ರ ಸಾಕು."

ಶೀತಲ ಒಳಗೆ ಓಡಿದಳು. ಸೋಮವ್ವ ಆಗಲೇ ಹೊಗೆಯುವ ಕುಳ್ಳುಗಳನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ಎಸೆದು, ಇದ್ದ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿದ್ದಳು. ಹೊಗೆ ನಿಧಾನವಾಗಿ ಹರಿದು ಹೋಯಿತು. ಅಡಿಗೆಮನೆ ತಿಳಿಯಾಯಿತು. ಇಂದ್ರವ್ವ ಯಾರು ಬೇಡವೆಂದರೂ ಕೇಳದೆ ಒಳಗೆ ಬಂದು ಒಲೆಯ ಎದುರಿಗೆ ಮಣೆ ಎಳೆದುಕೊಂಡು ಕೂತಳು.

ಸೋಮವ್ವ ಕಡ್ಡಿ ಗೀರಿದಳು. ಮೊದಲನೆಯದು ಗಾಳಿಗೆ ಆರಿತು. ಎರಡನೆಯದನ್ನು ಹಿಡಿದಾಗ ಹೊರಗಿನಿಂದ ಮಡಿವಾಳೆಪ್ಪನ ಕೂಗು ಕೇಳಿಸಿತು: "ಒಲಿ ಹೊತ್ತಿತೇನ್ರೀ? ನನ್ನ ನಡಾ ಹೋಗಾಕ ಹತ್ತೈತಿ!" ಭುಸ್ಸೆಂದು ಸದ್ದಾಯಿತು. ಒಲೆಯ ತೂತುಗಳಲ್ಲಿ ನೀಲಿ ಉರಿ ಒಂದೊಂದಾಗಿ ಸುತ್ತ ಹತ್ತಿಕೊಂಡು ನಿಂತಿತು. ಶೀತಲ ಚಹಾದ ಪಾತ್ರೆ ಇಟ್ಟಳು.

"ಹೊತ್ತೈತ್ರಿ! ಕೈ ಬಿಡಬ್ಯಾಡ್ರಿ!" ಎಂದು ಸೋಮವ್ವ ಕೂಗಿದ್ದು ಓಣಿಯ ತುದಿಗೆ ಕೇಳಿಸಿರಬೇಕು.

ಇಂದ್ರವ್ವ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಉರಿಯ ಹತ್ತಿರಕ್ಕೆ ಮುಖ ಒಯ್ದು, ಕಣ್ಣು ಅಗಲಿಸಿ ಬಹಳ ಹೊತ್ತು ನೋಡಿದಳು. ಒಮ್ಮೆಯೂ ಕೆಮ್ಮಲಿಲ್ಲ. ಶೀತಲಳ ಕೈ ಹಿಡಿದು ತನ್ನ ಪಕ್ಕಕ್ಕೆ ಕೂಡಿಸಿಕೊಂಡು, ತಲೆಯ ಮೇಲೆ ಕೈಯಿಟ್ಟಳು. ಅದನ್ನು ನೋಡಿದ ಸೋಮವ್ವ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು. ಒಂದು ತಿಂಗಳು ಎದೆಯಲ್ಲಿ ಕಟ್ಟಿಕೊಂಡು ತಿರುಗಿದ್ದೆಲ್ಲ ಒಮ್ಮೆಲೇ ಕರಗಿ ಕಣ್ಣಿಗೆ ಬಂದಿತ್ತು.

"ಹೊಗಿ ಹೋತಲ್ರೀ ಬೀಗತಿ," ಎಂದಳು ಇಂದ್ರವ್ವ ಹಿಂದಿನಿಂದ. "ಮತ್ತ ನಿಮ್ಮ ಕಣ್ಣಾಗ್ಯಾಕ ನೀರು?"

ಬೀಗತಿ! ಸೋಮವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ತಿರುಗಿದಳು. ಅಳು ನಗು ಎರಡೂ ಒಟ್ಟಿಗೇ ಬಂದು ಯಾವುದನ್ನೂ ತಡೆಯಲಾಗಲಿಲ್ಲ.

"ಶೀತಲಾ," ಎಂದಳು, "ಚಹಾ ಉಕ್ಕಾಕ ಹತ್ತೈತಿ ನೋಡ. ನಿಮ್ಮ ಮಾವಗ ಕೈ ಬಿಡಂತ ಹೇಳ ಹೋಗ."